ಹಾಡು ಬಂತು, ಅಕ್ಷರ ಬಂತಾ? ಫೋನ್ ಇಟ್ಟುಕೊಂಡು ಮಗುವಿಗೆ ವರ್ಣಮಾಲೆ ಕಲಿಸುವುದು

ಅಕ್ಕನ ಮಗಳಿಗೆ ಆಗ ನಾಲ್ಕು ವರ್ಷ ತುಂಬಿತ್ತು. 'ಅ'ದಿಂದ 'ಳ'ವರೆಗೆ ಒಂದೇ ಉಸಿರಿಗೆ ಹಾಡುತ್ತಿದ್ದಳು. ವಿಡಿಯೋದಲ್ಲಿರುವ ರಾಗ, ನಡುನಡುವೆ ಬರುವ ಚಪ್ಪಾಳೆ, ಎಲ್ಲ ಸಮೇತ. ಮನೆಗೆ ಬಂದವರು "ಅಬ್ಬಾ, ಇಷ್ಟು ಬೇಗ ಅಕ್ಷರ ಕಲಿತುಬಿಟ್ಟಳಾ!" ಎನ್ನುತ್ತಿದ್ದರು. ನಾವೂ ಬೀಗುತ್ತಿದ್ದೆವು.

ಒಂದು ದಿನ ಸುಮ್ನೆ ಹಾಳೆ ಮೇಲೆ ದೊಡ್ಡದಾಗಿ 'ಎ' ಬರೆದು "ಇದೇನು?" ಎಂದೆ. ಅವಳು ಬೆರಳು ಮಡಚುತ್ತಾ ಶುರು ಮಾಡಿದಳು. ಅ, ಆ, ಇ, ಈ, ಉ, ಊ, ಋ, ಎ, ಏ... 'ಎ' ಬಂದು ಹೋಯಿತು, ಅವಳು ನಿಲ್ಲಲಿಲ್ಲ. ಸೀದಾ 'ಅಃ'ಗೆ ಹೋಗಿ ನಿಂತು, ಚಪ್ಪಾಳೆ ತಟ್ಟಿ, ನನ್ನ ಮುಖ ನೋಡಿದಳು. ಹಾಳೆಯ ಕಡೆ ಕಣ್ಣು ಹಾಯಿಸಲೇ ಇಲ್ಲ.

ಆಮೇಲೆ ಅದೇ ವಿಡಿಯೋ ತೆಗೆದು, 'ಆ' ಬಂದಾಗ ನಿಲ್ಲಿಸಿದೆ. "ಆನೆ" ಎಂದಳು. ಪಕ್ಕದಲ್ಲಿದ್ದ ಆನೆಯ ಚಿತ್ರವನ್ನು ಹೆಬ್ಬೆರಳಿನಿಂದ ಮುಚ್ಚಿದೆ. ಚಿತ್ರ ಮುಚ್ಚಿದ್ದೇ ಬಾಯಿಯೂ ಮುಚ್ಚಿತು.

ಮಗು ದಡ್ಡಿ ಅಲ್ಲ. ವಿಡಿಯೋ ಏನು ಕಲಿಸಿತೋ ಅದನ್ನು ಚಾಚೂ ತಪ್ಪದೆ ಕಲಿತಿದ್ದಳು. ಅದು ಕಲಿಸಿದ್ದು ಒಂದು ಹಾಡು ಮತ್ತು ಕೆಲವು ಚಿತ್ರಗಳು. ಅಕ್ಷರ ಅವೆರಡರ ನಡುವೆ ಎಲ್ಲೋ ಕೂತಿತ್ತು, ಅವಳಿಗೆ ಅದನ್ನು ನೋಡುವ ಅಗತ್ಯವೇ ಬಿದ್ದಿರಲಿಲ್ಲ. ಹಾಡು ನಡೆಯಲು ಕಿವಿ ಸಾಕು, ಉತ್ತರ ಹೇಳಲು ಆನೆ ಸಾಕು. ಕಪ್ಪಗೆ ಸುತ್ತಿಕೊಂಡಿರುವ ಆ ಗೆರೆಯನ್ನು ಯಾಕೆ ನೋಡಬೇಕು?

ಅಕ್ಷರ ಬರುತ್ತದೆ ಎಂದರೆ ನಿಜಕ್ಕೂ ಮೂರು ಕೆಲಸ ಬರಬೇಕು. ಕಿವಿಗೆ ಆ ಸದ್ದು ಬೇರೆಯಾಗಿ ಕೇಳಬೇಕು. ಕಣ್ಣಿಗೆ ಆ ಆಕಾರ ಎಲ್ಲಿ ಸಿಕ್ಕರೂ ಗುರುತು ಹತ್ತಬೇಕು. ಕೈಗೆ ಅದನ್ನು ಬರೆಯಲು ಬರಬೇಕು. ಆನ್‌ಲೈನ್‌ನಲ್ಲಿ ಸಿಗುವ ವಿಡಿಯೋ, ಆ್ಯಪ್, ವರ್ಕ್‌ಶೀಟ್‌ಗಳು ಮೊದಲನೆಯದಕ್ಕೆ ಚೆನ್ನಾಗಿ ಒದಗುತ್ತವೆ. ಎರಡನೆಯದಕ್ಕೆ ಅರ್ಧಂಬರ್ಧ. ಮೂರನೆಯದಕ್ಕೆ ತೀರಾ ಕಡಿಮೆ. ಇಷ್ಟು ತಲೆಯಲ್ಲಿದ್ದರೆ ಯಾವುದನ್ನು ಎಷ್ಟು ಬಳಸಬೇಕು ಅನ್ನುವುದು ತಾನಾಗಿಯೇ ಹೊಳೆಯುತ್ತದೆ.

ಎಬಿಸಿಡಿ ಬೇರೆ, ಅಆಇಈ ಬೇರೆ

ಕನ್ನಡದ ಬಹುಪಾಲು ಅಕ್ಷರದ ವಿಡಿಯೋಗಳು ಇಂಗ್ಲಿಷ್ ವಿಡಿಯೋಗಳ ಅಚ್ಚಿನಲ್ಲೇ ತಯಾರಾಗಿವೆ. ಒಂದು ಅಕ್ಷರ, ಒಂದು ಚಿತ್ರ, ಒಂದು ಪದ, ಮುಂದಿನದು. ಆದರೆ ಎರಡು ಲಿಪಿಗಳೂ ಕೆಲಸ ಮಾಡುವ ರೀತಿಯೇ ಬೇರೆ.

ಇಂಗ್ಲಿಷಿನಲ್ಲಿ ಅಕ್ಷರಕ್ಕೆ ಒಂದು ಹೆಸರು, ಇನ್ನೊಂದು ಸದ್ದು. 'ಡಬ್ಲ್ಯೂ' ಎಂಬ ಹೆಸರಿನಲ್ಲಿ ಆ ಅಕ್ಷರದ ಸದ್ದೇ ಶುರುವಿನಲ್ಲಿಲ್ಲ. 'ಎಚ್' ಕಥೆಯೂ ಅಷ್ಟೆ. ಹಾಗಾಗಿ ಅಲ್ಲಿ ಹೆಸರು ಕಲಿಸಿದ ಮೇಲೆ ಸದ್ದನ್ನು ಮತ್ತೆ ಪ್ರತ್ಯೇಕವಾಗಿ ಕಲಿಸಬೇಕು. ನಮ್ಮಲ್ಲಿ ಆ ಕಾಟ ಇಲ್ಲ. 'ಗ'ದ ಹೆಸರೂ ಗ, ಸದ್ದೂ ಗ. ಗ, ರ, ಸ ಗೊತ್ತಿದ್ದ ಮಗು 'ಸರಸರ' ಎಂದು ಆ ಕ್ಷಣವೇ ಓದಬಲ್ಲದು.

ಹಾಗಂತ ನಮ್ಮದು ಸುಲಭ ಎಂದೂ ಅಲ್ಲ. ಶಾಲೆಯ ಲೆಕ್ಕದಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರ. ಇದು ಬರೀ ಹೊಸ್ತಿಲು. ಪ್ರತಿ ವ್ಯಂಜನಕ್ಕೂ ಕಾಗುಣಿತ ಇದೆ. 'ಕ'ದಿಂದ 'ಕಃ'ವರೆಗೆ 15 ರೂಪ. 34 ವ್ಯಂಜನಕ್ಕೆ ಲೆಕ್ಕ ಹಾಕಿದರೆ 510. ಆಮೇಲೆ ಒತ್ತಕ್ಷರ. ಅದರಲ್ಲೂ ತ, ನ, ಮ, ಯ, ರ, ಲ ಒತ್ತಾಗಿ ಬಂದಾಗ ತಮ್ಮ ಮೂಲ ಮುಖವನ್ನೇ ಬದಲಿಸಿಕೊಂಡು ಬರುತ್ತವೆ. 'ಅಕ್ಕ'ದಲ್ಲಿ ಕೆಳಗಿರುವುದು ಪುಟ್ಟ 'ಕ' ಎಂದು ಮಗುವಿಗೆ ತೋರಿಸಬಹುದು. 'ಅಮ್ಮ'ದಲ್ಲಿ ಕೆಳಗಿರುವುದು 'ಮ' ಎಂದರೆ ಮಗು ನಂಬುವುದಿಲ್ಲ. ನಂಬದಿರುವುದೇ ಸರಿ, ಅದು 'ಮ' ಥರ ಇಲ್ಲವೇ ಇಲ್ಲ.

ಕನ್ನಡದ ಮಕ್ಕಳು ಅಕ್ಷರ ಕಲಿಯುವ ವೇಗದ ಬಗ್ಗೆ ಸೊನಾಲಿ ನಾಗ್ ಅವರ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಮಕ್ಕಳು ಅಕ್ಷರಗಳನ್ನು ಬೇಗ ಮುಗಿಸಿಬಿಡುತ್ತಾರೆ, ಕನ್ನಡದ ಮಕ್ಕಳಿಗೆ ಇಡೀ ಅಕ್ಷರಸಮೂಹ ಕೈವಶವಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕಾಗುತ್ತವೆ ಎಂಬುದು ಅದರ ತಿರುಳು. ತೊಂದರೆ ಮಗುವಿನದಲ್ಲ, ಲಿಪಿಯಲ್ಲಿ ಕಲಿಯುವುದೇ ಅಷ್ಟಿದೆ. 2021ರಲ್ಲಿ ಶುರುವಾದ ಕೇಂದ್ರದ ನಿಪುಣ್ ಭಾರತ್ ಯೋಜನೆ ಕೂಡ ಮಕ್ಕಳಿಗೆ ಓದು ಬರಹ ಕೈಗೂಡಬೇಕಾದ ಗಡುವನ್ನು ಮೂರನೇ ತರಗತಿಯ ಕೊನೆಗೆ ಇಟ್ಟಿದೆ. ನಾಲ್ಕು ವರ್ಷದ ಮಗುವಿಗೆ "ಹತ್ತು ದಿನದಲ್ಲಿ ಪೂರ್ತಿ ಕನ್ನಡ" ಎಂದು ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ.

ಯಾವ ಅಕ್ಷರ ಮೊದಲು?

ನಮ್ಮ ವರ್ಣಮಾಲೆಯ ಜೋಡಣೆ ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ. ಕ, ಚ, ಟ, ತ, ಪ ಎಂದು ನಿಧಾನವಾಗಿ ಹೇಳಿ ನೋಡಿ. ಸದ್ದು ಹುಟ್ಟುವ ಜಾಗ ಗಂಟಲಿನ ಹತ್ತಿರದಿಂದ ಹೊರಟು ಅಂಗುಳ, ಹಲ್ಲು ದಾಟಿ ತುಟಿಗೆ ಬಂದು ನಿಲ್ಲುತ್ತದೆ. ಪ, ಫ, ಬ, ಭ, ಮ, ಈ ಐದಕ್ಕೂ ತುಟಿ ಮುಚ್ಚಲೇಬೇಕು. ಕನ್ನಡಿ ಮುಂದೆ ಮಗುವನ್ನು ನಿಲ್ಲಿಸಿ "ತುಟಿ ಮುಚ್ಚದೆ 'ಮ' ಹೇಳು ನೋಡೋಣ" ಎಂದು ಪಂದ್ಯ ಕಟ್ಟಿ. ಹತ್ತು ನಿಮಿಷ ನಗುತ್ತಾ ಆಡುತ್ತದೆ.

ಅಲ್ಪಪ್ರಾಣ, ಮಹಾಪ್ರಾಣಕ್ಕೂ ಇಂಥದ್ದೇ ಆಟ ಇದೆ. ಒಂದು ತೆಳು ಕಾಗದದ ಚೂರನ್ನು ಬಾಯಿಗೆ ನಾಲ್ಕು ಬೆರಳು ದೂರದಲ್ಲಿ ಹಿಡಿಯಿರಿ. 'ಪ' ಎಂದರೆ ಕಾಗದ ಹೆಚ್ಚೂಕಮ್ಮಿ ಸುಮ್ಮನಿರುತ್ತದೆ. 'ಫ' ಎಂದು ಸರಿಯಾಗಿ ತುಟಿ ಮುಚ್ಚಿ ಬಿಟ್ಟರೆ ಫಟ್ಟನೆ ಅಲ್ಲಾಡುತ್ತದೆ. ಬಹಳಷ್ಟು ವಿಡಿಯೋಗಳಲ್ಲಿ ಈ ವ್ಯತ್ಯಾಸವನ್ನು ಸರಿಯಾಗಿ ಹೇಳುವುದೇ ಇಲ್ಲ. ದ-ಧ ಎರಡೂ ಒಂದೇ ಥರ, ಬ-ಭ ಎರಡೂ ಒಂದೇ ಥರ ಹೇಳಿಕೊಂಡು ಹೋಗುತ್ತಾರೆ. ವಿಡಿಯೋ ಆರಿಸುವಾಗ ಮೊದಲು ಕಣ್ಣು ಮುಚ್ಚಿ ಬರೀ ಕೇಳಿ. 'ದ' ಯಾವುದು 'ಧ' ಯಾವುದು ನಿಮಗೇ ಗೊತ್ತಾಗದಿದ್ದರೆ ಮಗುವಿಗೆ ಹೇಗೆ ಗೊತ್ತಾಗಬೇಕು?

ಈ ಜೋಡಣೆ ಸದ್ದಿನ ನಕ್ಷೆ. ಕಲಿಸುವ ಕ್ರಮವೂ ಇದೇ ಆಗಬೇಕು ಎಂದೇನಿಲ್ಲ. ಮೊದಲಿನಿಂದ ಹಿಡಿದರೆ 13 ಸ್ವರ ಮುಗಿಸಿದರೂ ಮಗುವಿಗೆ ಓದಲು ಒಂದು ಪದ ಸಿಗುವುದಿಲ್ಲ, ತೀರಾ ಎಂದರೆ 'ಆಈಉ' ಎಂದು ಕೂಗಬಹುದು. ಮೇಲಾಗಿ 'ಋ' ಏಳನೇ ನಂಬರಿನಲ್ಲೇ ಎದುರಾಗುತ್ತದೆ. ಆಮೇಲೆ 'ಙ', 'ಞ'. ಇವತ್ತಿನ ಮಕ್ಕಳ ಪುಸ್ತಕದಲ್ಲಿ ಇವು ಬಿಡಿಯಾಗಿ ಕಾಣಿಸಿಕೊಳ್ಳುವುದು ವರ್ಣಮಾಲೆಯ ಪುಟದಲ್ಲಿ ಮಾತ್ರ. ಆದರೂ ಹಾಡಿನಲ್ಲಿ 'ಅ'ಗೆ ಎಷ್ಟು ಹೊತ್ತೋ 'ಙ'ಗೂ ಅಷ್ಟೇ ಹೊತ್ತು. ಈ ಎರಡರ ಹಿಂದೆ ಬಿದ್ದು ಮಗುವಿನ ತಲೆ ತಿನ್ನಬೇಡಿ. ಒಂದಿನ ತಾವಾಗಿಯೇ ಬರುತ್ತವೆ.

ಇದಕ್ಕೆ ಕರ್ನಾಟಕದ ಶಾಲೆಗಳಲ್ಲೇ ಒಂದು ಉತ್ತರ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ ವರ್ಣಮಾಲೆಯ ಕ್ರಮವನ್ನು ಬದಿಗಿಟ್ಟು, ಅಕ್ಷರಗಳನ್ನು ಸಣ್ಣ ಸಣ್ಣ ಗುಂಪು ಮಾಡಿತು. ಮೊದಲ ಗುಂಪು ರ, ಗ, ಸ, ದ, ಅ. ಎರಡನೆಯದು ಜ, ವ, ಮ, ಬ, ನ. ಮೊದಲ ಐದೇ ಅಕ್ಷರದಲ್ಲಿ ಏನೇನು ಸಿಗುತ್ತದೆ ನೋಡಿ: ಸರ, ರಸ, ದರ, ಅರಸ, ಅಗಸ, ಗರಗಸ. ಗುಣಿತವೂ ಇಲ್ಲ, ಒತ್ತೂ ಇಲ್ಲ, ಆದರೂ ನಿಜವಾದ ಪದಗಳು. ಎರಡನೇ ಗುಂಪು ಸೇರಿತು ಎಂದರೆ ಮರ, ವನ, ಜನ, ಗಮನ. ಐದು ಅಕ್ಷರ ಕಲಿತ ಮಗು 'ಗರಗಸ' ಓದಿದಾಗ ಅದರ ಮುಖ ನೋಡಬೇಕು. 49 ಅಕ್ಷರ ಹಾಡಿ ಮುಗಿಸಿದಾಗ ಆ ಮುಖ ಬರುವುದಿಲ್ಲ.

ಹಾಗಾದರೆ ಹಾಡಿನ ವಿಡಿಯೋ ಬೇಡವೇ? ಇರಲಿ. ಸದ್ದಿನ ಪರಿಚಯಕ್ಕೆ, ಬಾಯಿಪಾಠಕ್ಕೆ ಒಳ್ಳೆಯದೇ. ಮುಂದೆ ನಿಘಂಟು ನೋಡಲು ಕ್ರಮ ಬೇಕೇ ಬೇಕು. ಕಲಿಸಲು ಕೂತಾಗ ಮಾತ್ರ ಇಡೀ ಹಾಡು ಓಡಿಸುವುದು ಬಿಡಿ. ಇವತ್ತು 'ರ' ಎಂದರೆ 'ರ' ಬರುವ ಐದು ಸೆಕೆಂಡ್ ಮಾತ್ರ. ನಿಲ್ಲಿಸಿ, ಹಿಂದೆ ಎಳೆಯಿರಿ, ಮತ್ತೆ ಕೇಳಿಸಿ, ಪರದೆ ಆರಿಸಿ.

ಹೊಟ್ಟೆ ಸೀಳಿದ ಷ

ಈಗ ಕಣ್ಣಿನ ಕೆಲಸ. ಕನ್ನಡದ ಅಕ್ಷರಗಳು ದುಂಡಗೆ, ಒಂದಕ್ಕೊಂದು ಅಣ್ಣತಮ್ಮಂದಿರಂತೆ ಇವೆ. 'ರ'ದ ಮಧ್ಯೆ ಒಂದು ಚುಕ್ಕಿ ಬಿದ್ದರೆ 'ಠ'. 'ಪ'ದ ಹೊಟ್ಟೆ ಸೀಳಿದರೆ 'ಷ'. 'ದ'ಕ್ಕೆ ಕೆಳಗೆ ಸಣ್ಣ ಗೀಟು ಕೊಟ್ಟರೆ 'ಧ', ಒಳಗೆ ಚುಕ್ಕಿ ಇಟ್ಟರೆ 'ಥ'. ದೊಡ್ಡವರ ಕಣ್ಣಿಗೆ ಇವು ಬೇರೆ ಬೇರೆ ಎಂದು ಎಷ್ಟು ಅಭ್ಯಾಸವಾಗಿದೆ ಎಂದರೆ, ಒಂದೇ ಥರ ಇವೆ ಅನ್ನುವುದೇ ಮರೆತುಹೋಗಿದೆ.

ಮಗುವಿನ ಕಣ್ಣು ಇನ್ನೊಂದು ಪಾಠ ಕಲಿತು ಬಂದಿರುತ್ತದೆ. ಲೋಟ ಬಲಕ್ಕೆ ತಿರುಗಿದರೂ ಲೋಟ, ಎಡಕ್ಕೆ ತಿರುಗಿದರೂ ಲೋಟ. ಅದರ ಮೇಲೊಂದು ಚುಕ್ಕಿ ಅಂಟಿದರೂ ಲೋಟವೇ. ಹುಟ್ಟಿದಾಗಿನಿಂದ ಜಗತ್ತು ಹೀಗೇ ಇದೆ. ಅಕ್ಷರದ ವಿಷಯದಲ್ಲಿ ಮಾತ್ರ ನಾವು ಇದ್ದಕ್ಕಿದ್ದಂತೆ "ಚುಕ್ಕಿ ಇದ್ದರೆ ಬೇರೆ, ಇಲ್ಲದಿದ್ದರೆ ಬೇರೆ" ಎನ್ನುತ್ತೇವೆ. ಮಕ್ಕಳು ಮೊದಮೊದಲು ಅಕ್ಷರ, ಅಂಕಿಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಬರೆಯುವುದೂ ಇದೇ ಕಾರಣಕ್ಕೆ. ಗಾಬರಿ ಬೀಳಬೇಕಾಗಿಲ್ಲ, ಬೈಯುವ ಹಾಗಂತೂ ಇಲ್ಲವೇ ಇಲ್ಲ.

ಈಗ ವಿಡಿಯೋದ ಅಕ್ಷರಗಳನ್ನು ನೆನಪಿಸಿಕೊಳ್ಳಿ. 'ಠ'ಗೆ ಎರಡು ಕಣ್ಣು, ಒಂದು ನಗು, ಎರಡು ಕಾಲು, ಜೊತೆಗೆ ಕುಣಿತ. ಇದರಲ್ಲಿ ಅಕ್ಷರದ ಚುಕ್ಕಿ ಯಾವುದು, ಕಣ್ಣಿನ ಚುಕ್ಕಿ ಯಾವುದು? ಒಂದೇ ಒಂದು ಚುಕ್ಕಿಯಿಂದ ಅಕ್ಷರ ಬದಲಾಗುವ ಲಿಪಿಯಲ್ಲಿ ಅಕ್ಷರಕ್ಕೆ ಕಣ್ಣು ಬಿಡಿಸುವವರನ್ನು ನಾನು ಕ್ಷಮಿಸಲಾರೆ! ನಿಮ್ಮ ಆಯ್ಕೆ ಸೀದಾಸಾದಾ ಇರಲಿ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಅಲ್ಲಾಡದೆ ನಿಂತಿರಬೇಕು.

ಚಿತ್ರ ಇರುವ ಕಾರ್ಡುಗಳಾದರೆ ಮೂರು ಹಂತ ಮಾಡಿ. ಮೊದಲು ಚಿತ್ರ ಮತ್ತು ಅಕ್ಷರ ಎರಡೂ. ಆಮೇಲೆ ಚಿತ್ರವನ್ನು ಬೆರಳಿನಿಂದ ಮುಚ್ಚಿ. ಕೊನೆಗೆ ಅದೇ ಅಕ್ಷರ ಬೇರೆ ಕಡೆ, ಬೇರೆ ಬಣ್ಣದಲ್ಲಿ, ಬೇರೆ ಫಾಂಟಿನಲ್ಲಿ. ಇದಕ್ಕೆ ಕಂಪ್ಯೂಟರ್ ಬಹಳ ಒಳ್ಳೆಯ ಆಳು. ಒಂದು ಪುಟದಲ್ಲಿ 'ಗ'ವನ್ನು ಆರು ಫಾಂಟಿನಲ್ಲಿ, ದೊಡ್ಡದು ಚಿಕ್ಕದು ಮಾಡಿ, ನಡುವೆ ನಾಲ್ಕು 'ರ' ಸೇರಿಸಿ ಪ್ರಿಂಟ್ ತೆಗೆಯಿರಿ. "ಗ ಎಲ್ಲೆಲ್ಲಿದೆ, ಗೋಲ ಸುತ್ತು" ಎನ್ನಿ. ಹೀಗೆ ಹುಡುಕಬಲ್ಲ ಮಗುವಿಗೆ 'ಗ' ಬಂದಿದೆ ಎಂದು ಧೈರ್ಯವಾಗಿ ಹೇಳಬಹುದು.

ಒಂದು ಎಚ್ಚರಿಕೆ. ಒಂದೇ ಥರ ಇರುವವನ್ನು ಒಂದೇ ದಿನ ಕಲಿಸಬೇಡಿ. ಪ ಮತ್ತು ಷ, ದ ಮತ್ತು ಧ, ನ ಮತ್ತು ಸ. ಒಂದು ಗಟ್ಟಿಯಾಗಿ ಕೂತ ಮೇಲೆ ಅದರ ಅಣ್ಣನನ್ನು ಕರೆಯಿರಿ.

ಪರದೆ ಮಾತಾಡುತ್ತದೆ, ಕೇಳಿಸಿಕೊಳ್ಳುವುದಿಲ್ಲ

ಮಕ್ಕಳು ಪರದೆಯಿಂದ ಕಲಿಯುತ್ತಾರಾ ಇಲ್ಲವಾ ಎಂದು ಪರೀಕ್ಷೆ ಮಾಡಿದವರು ಬೇಕಾದಷ್ಟಿದ್ದಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಅಮೆರಿಕದಲ್ಲಿ ಪೆಟ್ರಿಷಿಯಾ ಕೂಲ್ ತಂಡದ ಕೆಲಸ. 2003ರಲ್ಲಿ ಪ್ರಕಟವಾದದ್ದು. ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಕೆಲವಕ್ಕೆ ಎದುರು ಕೂತ ಮನುಷ್ಯರಿಂದ, ಕೆಲವಕ್ಕೆ ಅದೇ ಜನರ ವಿಡಿಯೋದಿಂದ. ಮನುಷ್ಯರಿಂದ ಕೇಳಿದ ಕೂಸುಗಳು ಆ ಭಾಷೆಯ ಸದ್ದುಗಳನ್ನು ಬೇರ್ಪಡಿಸಿ ಗುರುತಿಸಿದವು. ವಿಡಿಯೋ ನೋಡಿದವು ಏನೂ ಕಲಿಯಲಿಲ್ಲ. ಮಾತು ಅದೇ, ಮುಖಗಳೂ ಅವೇ.

2010ರ ಇನ್ನೊಂದು ಅಧ್ಯಯನದಲ್ಲಿ, ಜೂಡಿ ಡಿಲೋಚ್ ಮತ್ತು ಜೊತೆಗಾರರು ಒಂದರಿಂದ ಒಂದೂವರೆ ವರ್ಷದ ಮಕ್ಕಳಿಗೆ ಪದ ಕಲಿಸುವ ಡಿವಿಡಿಯನ್ನು ನಾಲ್ಕು ವಾರ ಅವರ ಮನೆಯಲ್ಲೇ ತೋರಿಸಿದರು. ನೋಡದ ಮಕ್ಕಳಿಗಿಂತ ಅವರಿಗೆ ಜಾಸ್ತಿ ಪದ ಬರಲಿಲ್ಲ. ಡಿವಿಡಿ ಇಲ್ಲದೆ, ಅವೇ ಪದಗಳನ್ನು ಅಪ್ಪ ಅಮ್ಮ ಮಾತಿನ ನಡುವೆ ಬಳಸಿದ ಮನೆಗಳಲ್ಲಿ ಮಕ್ಕಳು ಎಲ್ಲರಿಗಿಂತ ಚೆನ್ನಾಗಿ ಕಲಿತರು. ತಮಾಷೆ ಏನೆಂದರೆ, ಡಿವಿಡಿಯನ್ನು ಇಷ್ಟಪಟ್ಟ ಅಪ್ಪ ಅಮ್ಮಂದಿರೇ "ನಮ್ಮ ಮಗು ತುಂಬಾ ಕಲಿತಿದೆ" ಎಂದು ನಂಬಿದ್ದರು. ನಮ್ಮ ಮನೆಯ ಹಾಡಿನ ಕಥೆ ಇದಕ್ಕಿಂತ ಬೇರೆ ಏನಲ್ಲ.

ಇವೆಲ್ಲ ತೀರಾ ಎಳೆಯ ಮಕ್ಕಳ ಮಾತು. ಮೂರು, ನಾಲ್ಕು, ಐದು ವರ್ಷ ಆಗುತ್ತಿದ್ದಂತೆ ಪರಿಸ್ಥಿತಿ ಬದಲಾಗುತ್ತದೆ. 1969ರಲ್ಲಿ ಅಮೆರಿಕದಲ್ಲಿ ಶುರುವಾದ 'ಸೆಸಮಿ ಸ್ಟ್ರೀಟ್' ಎಂಬ ಟಿವಿ ಕಾರ್ಯಕ್ರಮವನ್ನು ಮರುವರ್ಷವೇ ಪರೀಕ್ಷಿಸಿದಾಗ, ಜಾಸ್ತಿ ನೋಡಿದ ಮಕ್ಕಳು ಅಕ್ಷರ, ಅಂಕಿಗಳಲ್ಲಿ ಜಾಸ್ತಿ ಮುಂದೆ ಬಂದದ್ದು ಕಂಡಿತ್ತು. ಹಾಗಾಗಿ ಪರದೆ ಎಂದರೆ ವಿಷ ಎಂದು ನಾನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಮಿತಿ ನೆನಪಿರಲಿ: ಎರಡು ವರ್ಷ ತುಂಬುವವರೆಗೆ ಕೂತು ಪರದೆ ನೋಡುವುದು ಬೇಡ, ಆಮೇಲೆ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಇದ್ದಷ್ಟೂ ಒಳ್ಳೆಯದು. ಅಕ್ಷರಕ್ಕೆ ಅಷ್ಟು ಹೊತ್ತೂ ಬೇಕಾಗಿಲ್ಲ. ಹತ್ತು ನಿಮಿಷ ಧಾರಾಳ.

ಪರದೆಯ ಕೊರತೆ ಎಲ್ಲಿದೆ ಎಂದರೆ, ಅದಕ್ಕೆ ಎದುರಿರುವ ಮಗು ಕಾಣಿಸುವುದಿಲ್ಲ. "ಇದು ಯಾವ ಅಕ್ಷರ?" ಎಂದು ಕೇಳಿ, ಎರಡು ಸೆಕೆಂಡ್ ಕಾದು, "ಶಭಾಷ್!" ಎನ್ನುತ್ತದೆ. ಮಗು ಆಗ ಮೂಗಿನಲ್ಲಿ ಬೆರಳಿಟ್ಟುಕೊಂಡಿದ್ದರೂ ಶಭಾಷ್. ಇದೇ ಕಾರಣಕ್ಕೆ ನನ್ನ ಪ್ರಕಾರ ಅತಿ ಒಳ್ಳೆಯ ಆನ್‌ಲೈನ್ ಸಾಧನ ಅಕ್ಷರದ ಆ್ಯಪ್ ಅಲ್ಲವೇ ಅಲ್ಲ, ವಿಡಿಯೋ ಕಾಲ್. 2014ರ ಒಂದು ಪ್ರಯೋಗದಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳು ಮೊದಲೇ ರೆಕಾರ್ಡ್ ಮಾಡಿದ ವಿಡಿಯೋದಿಂದ ಹೊಸ ಪದ ಕಲಿಯಲಿಲ್ಲ, ವಿಡಿಯೋ ಕಾಲ್‌ನಿಂದ ಕಲಿತರು. ಎರಡೂ ಪರದೆಯೇ. ಆದರೆ ಒಂದರಲ್ಲಿ ಆಚೆ ಕಡೆಯವರು ಮಗು ಹೇಳಿದ್ದನ್ನು ಕೇಳಿ ಉತ್ತರ ಕೊಡುತ್ತಿದ್ದರು.

ನಮ್ಮ ಮನೆಯಲ್ಲಿ ಇದು ಅಕಸ್ಮಾತ್ತಾಗಿ ಶುರುವಾಯಿತು. ಅಜ್ಜಿ ಫೋನಿನಲ್ಲಿ ಸ್ಲೇಟು ಹಿಡಿದು 'ಸ' ತೋರಿಸಿ, "ಇದನ್ನು ನಿನ್ನ ಪುಸ್ತಕದಲ್ಲಿ ಹುಡುಕಿ ತಾ" ಎಂದರು. ಹುಡುಗಿ ಓಡಿಹೋಗಿ ಪುಸ್ತಕ ತಂದು, 'ನ'ದ ಮೇಲೆ ಬೆರಳಿಟ್ಟು ಕ್ಯಾಮೆರಾಗೆ ಹಿಡಿದಳು. ಅಜ್ಜಿ ತಪ್ಪು ಎನ್ನಲಿಲ್ಲ. "ಅಯ್ಯೋ, ಇದು 'ಸ'ನ ತಮ್ಮ ಕಣೇ. 'ಸ'ನ್ನೇ ಹುಡುಕು" ಎಂದರು. ಇಂಥ ಉತ್ತರ ಕೊಡುವ ಆ್ಯಪ್ ಇನ್ನೂ ಬಂದಿಲ್ಲ.

ಬೆರಳು ಬೇರೆ, ಬಳಪ ಬೇರೆ

ಗಾಜಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುವ ಆ್ಯಪ್‌ಗಳು ಬಹಳ ಇವೆ. ಅವುಗಳ ಒಂದು ದೋಷ ನಾನು ಕಣ್ಣಾರೆ ನೋಡಿದ್ದು. ಮಗು 'ರ'ವನ್ನು ಬಾಲದಿಂದ ತಲೆಗೆ ಉಲ್ಟಾ ಉಜ್ಜಿತು, ಚುಕ್ಕಿ ಗೆರೆ ತುಂಬಿತು, ಮೂರು ನಕ್ಷತ್ರ ಬಿದ್ದವು. ಕೆಲವು ಆ್ಯಪ್‌ಗಳು ಎಲ್ಲಿಂದ ಶುರು ಮಾಡಬೇಕು ಎಂದು ಬಾಣದ ಗುರುತು ಹಾಕಿ, ಆ ದಿಕ್ಕಿನಲ್ಲೇ ಹೋದರೆ ಮಾತ್ರ ಮುಂದೆ ಬಿಡುತ್ತವೆ. ಬಳಸುವುದಾದರೆ ಅಂಥದ್ದು ಬಳಸಿ.

ಆದರೆ ತಿದ್ದುವುದಕ್ಕೂ ಬರೆಯುವುದಕ್ಕೂ ಇರುವ ಅಂತರ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಕರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ 2012ರಲ್ಲಿ ಒಂದು ಚಿಕ್ಕ ಪ್ರಯೋಗ ಪ್ರಕಟಿಸಿದರು. ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಗೆ ಅಕ್ಷರಗಳನ್ನು ಮೂರು ರೀತಿಯಲ್ಲಿ ಮಾಡಿಸಿದರು. ಕೀಬೋರ್ಡ್ ಒತ್ತಿ, ಚುಕ್ಕಿಗೆರೆಯ ಮೇಲೆ ತಿದ್ದಿ, ಖಾಲಿ ಹಾಳೆಯ ಮೇಲೆ ನೋಡಿ ಬರೆದು. ಆಮೇಲೆ ಅವೇ ಅಕ್ಷರ ತೋರಿಸುತ್ತಾ ಮಿದುಳಿನ ಸ್ಕ್ಯಾನ್ ತೆಗೆದರು. ದೊಡ್ಡವರು ಓದುವಾಗ ಎಚ್ಚರವಾಗುವ ಭಾಗಗಳು ಮಕ್ಕಳಲ್ಲೂ ಎದ್ದು ಕೂತದ್ದು ಖಾಲಿ ಹಾಳೆಯಲ್ಲಿ ಬರೆದ ಅಕ್ಷರಗಳಿಗೆ.

ಯಾಕೆ ಹೀಗೆ? ಅವರು ಕೊಡುವ ವಿವರಣೆ ಚೆನ್ನಾಗಿದೆ. ಮಗು ಕೈಯಾರೆ ಬರೆದಾಗ ಒಂದು 'ಸ' ಸೊಟ್ಟ, ಇನ್ನೊಂದು ದಪ್ಪ, ಮತ್ತೊಂದು ಅರ್ಧಕ್ಕೇ ನಿಂತದ್ದು. ಇಷ್ಟು ಥರದ 'ಸ' ಕಣ್ಣಿಗೆ ಬಿದ್ದಾಗ, ಇವೆಲ್ಲದರಲ್ಲೂ ಸಮನಾಗಿರುವುದು ಏನು ಎಂದು ಮಿದುಳು ಹುಡುಕಿಕೊಳ್ಳುತ್ತದೆ. ತಿದ್ದಿದರೆ ಪ್ರತಿ ಸಲವೂ ಅಚ್ಚುಕಟ್ಟಾದ ಅದೇ 'ಸ'. ಹುಡುಕಲು ಏನೂ ಉಳಿಯುವುದಿಲ್ಲ. ಅಂದರೆ ನಾವು "ಥೂ, ನೆಟ್ಟಗೆ ಬರಿ" ಎಂದು ಒರೆಸಿಹಾಕುವ ಆ ಸೊಟ್ಟ ಅಕ್ಷರವೇ ಕಲಿಸುವ ಅಕ್ಷರ.

ಹೀಗಾಗಿ ನಮ್ಮಲ್ಲಿ ಈಗ ನಡೆಯುವುದು ಇಷ್ಟು. ಅಕ್ಷರ ಬರೆಯುವ ಅನಿಮೇಷನ್ ಎರಡು ಸಲ ನೋಡುವುದು. ಫೋನ್ ತಿರುಗಿಸಿ ಇಡುವುದು. ಬಳಪ ಹಿಡಿದು ನೆಲದ ಮೇಲೆ ಮೊಳದುದ್ದ ಬರೆಯುವುದು. ಇಷ್ಟು ದೊಡ್ಡದಾಗಿ ಬರೆಯಲು ಭುಜ ಸಾಕು, ಇನ್ನೂ ಬಲಿಯದ ಬೆರಳಿಗೆ ಕಷ್ಟವಿಲ್ಲ.

ಇಳಿಸಿಕೊಳ್ಳುವ ಮುಂಚೆ

ವರ್ಕ್‌ಶೀಟ್ ಇಳಿಸಿಕೊಳ್ಳುವಾಗ ಒತ್ತಕ್ಷರ ನೋಡಿ. ಕೆಲವು ಸಾಫ್ಟ್‌ವೇರ್‌ಗಳು ಕನ್ನಡವನ್ನು ಸರಿಯಾಗಿ ಜೋಡಿಸುವುದಿಲ್ಲ. 'ಅಮ್ಮ' ಒಡೆದು 'ಅಮ್ ಮ' ಆಗಿರುತ್ತದೆ, ಎತ್ವ ಎಲ್ಲೋ ಹಾರಿಹೋಗಿರುತ್ತದೆ. ಮಾಡಿದವರಿಗೆ ಕನ್ನಡ ಓದಲು ಬಾರದಿದ್ದರೆ ಅದು ಹಾಗೇ ಪ್ರಕಟವಾಗುತ್ತದೆ. ಮನೆಯಲ್ಲಿ ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದ ಕೆಲವು ವಿಡಿಯೋಗಳಲ್ಲಿ ಬೋರ್ಡಿನ ಅಕ್ಷರಗಳೇ ತಿರುವುಮುರುವಾಗಿರುವುದೂ ಉಂಟು.

ಜಾಹೀರಾತಿನ ಕಾಟ ಬೇರೆ. ಐದು ವರ್ಷದೊಳಗಿನ ಮಕ್ಕಳು ಬಳಸುವ 135 ಆ್ಯಪ್‌ಗಳನ್ನು ಅಮೆರಿಕದ ಸಂಶೋಧಕರು ಜಾಲಾಡಿದಾಗ ಶೇಕಡಾ 95ರಲ್ಲಿ ಒಂದಲ್ಲ ಒಂದು ಬಗೆಯ ಜಾಹೀರಾತು ಸಿಕ್ಕಿತು. ಅದು 2019ರಲ್ಲಿ ಪ್ರಕಟವಾದ ಲೆಕ್ಕ. ಆ್ಯಪ್ ಒಮ್ಮೆ ಇಳಿಸಿಕೊಂಡು, ಇಂಟರ್ನೆಟ್ ಆಫ್ ಮಾಡಿ, ನೀವೇ ಹತ್ತು ನಿಮಿಷ ಆಡಿ ನೋಡಿ. ಇಂಟರ್ನೆಟ್ ಇಲ್ಲದೆಯೂ ನಡೆದರೆ ಅರ್ಧ ತಲೆನೋವು ಹೋಯಿತು. ಯೂಟ್ಯೂಬ್‌ನಲ್ಲಿ ಆಟೋಪ್ಲೇ ಆರಿಸುವುದು ಮರೆಯಬೇಡಿ. 'ರ' ನೋಡಲು ಕೂರಿಸಿ ಐದು ನಿಮಿಷ ಆಚೀಚೆ ಹೋಗಿ ಬಂದರೆ, ಯಾರೋ ಆಟಿಕೆ ಡಬ್ಬಿ ಒಡೆಯುತ್ತಿರುತ್ತಾರೆ.

ನಂಬಿ ಬಳಸುವಂಥವೂ ಇವೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಓದಿನ ಹಂತದ ಪ್ರಕಾರ ಸಿಗುತ್ತವೆ. ಪುಕ್ಕಟೆ. ಇಳಿಸಿಕೊಂಡು ಪ್ರಿಂಟ್ ಹಾಕಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಮೊದಲ ಹಂತದ ಕಥೆಯಲ್ಲಿ ಪುಟಕ್ಕೆ ಒಂದೆರಡು ಸಾಲು ಅಷ್ಟೆ. ಅಕ್ಷರ ಹುಡುಕುವ ಆಟಕ್ಕೆ ಹೇಳಿ ಮಾಡಿಸಿದ ಹಾಗಿವೆ. ಶಾಲೆಗೆ ಹೋಗುವ ಮಕ್ಕಳಿಗೆ ಸರ್ಕಾರದ ದೀಕ್ಷಾ ವೇದಿಕೆಯೂ ಇದೆ.

ಇನ್ನೊಂದು ಸಾಧನ ನಿಮ್ಮ ಫೋನಿನಲ್ಲಿ ಆಗಲೇ ಕೂತಿದೆ. ಕನ್ನಡ ಕೀಬೋರ್ಡ್. ಬರವಣಿಗೆ ಕಲಿಸಲು ಅದು ಪ್ರಯೋಜನವಿಲ್ಲ, ಕಾಗುಣಿತ ತೋರಿಸಲು ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಹಳೆಯ ಕಾಲದಲ್ಲಿ "ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಕೊಂಬು ಕು" ಎಂದು ಬಾಯಿಪಾಠ ಮಾಡಿಸುತ್ತಿದ್ದರು. ಈಗ ಅದನ್ನೇ ಕಣ್ಣೆದುರು ಮಾಡಬಹುದು. 'ಕ' ಒತ್ತಿ. ಗುಡಿಸು ಒತ್ತಿ, 'ಕಿ' ಆಯಿತು. ಅಳಿಸುವ ಗುಂಡಿಯನ್ನು ಒಂದೇ ಸಲ ಒತ್ತಿ, ಗುಡಿಸು ಹಾರಿಹೋಗಿ 'ಕ' ಉಳಿಯಿತು. ಅಕ್ಷರದ ಒಳಗೆ ಎರಡು ತುಂಡು ಇದೆ ಎಂದು ಮಾತಿನಲ್ಲಿ ವಿವರಿಸಲು ಹೋದರೆ ಅರ್ಧ ಗಂಟೆ ಬೇಕು. ಇದು ಮೂರು ಸೆಕೆಂಡ್.

ಮೊನ್ನೆ ಅಕ್ಕನ ಮಗಳು ನನ್ನ ಫೋನ್ ಕಿತ್ತುಕೊಂಡು ಸೋಫಾದ ಹಿಂದೆ ಕೂತಿದ್ದಳು. ಗೊತ್ತಿರುವ ಅಕ್ಷರಗಳನ್ನೇ ಒತ್ತಿ ಒತ್ತಿ ಅಜ್ಜಿಗೆ ಕಳಿಸಿದ್ದಾಳೆ: ಸರಸರಸರಸರಗಗಗಗರಗಸ. ಎರಡು ನಿಮಿಷಕ್ಕೆ ಫೋನ್ ಬಂತು. ಅಜ್ಜಿ ಕನ್ನಡಕ ಏರಿಸಿಕೊಂಡು, ಒಂದಕ್ಷರವನ್ನೂ ಬಿಡದೆ ಅಷ್ಟನ್ನೂ ಓದಿದರು. ಹುಡುಗಿ ಬಾಯಿ ತೆರೆದು ಕೇಳುತ್ತಿದ್ದವಳು ನನ್ನ ಕಡೆ ತಿರುಗಿ ಕೇಳಿದಳು: "ನಾನು ಬರೆದಿದ್ದು ಅಜ್ಜಿಗೆ ಹೇಗೆ ಗೊತ್ತಾಯ್ತು?"